ತೀವ್ರ ಮಧ್ಯಮ

ಕುಂಚಾವರಂ ಅರಣ್ಯದ ಅಂಚಿನಲ್ಲಿ, ಕನ್ನಡ, ತೆಲುಗು, ಲಂಬಾಣಿ ಮೂರೂ ಒಂದೇ ಅಂಗಳದಲ್ಲಿ ಕೇಳಿಬರುವ ಗಡಿಸೀಮೆಯ ಒಂದು ಮನೆಯಲ್ಲಿ, ಇಬ್ಬರು ಬಂಧುಗಳ ನಡುವೆ ನಡೆದ ಮಾತುಕತೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಒಬ್ಬರು ಚಿಂಚೋಳಿ, ಸೇಡಂ ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಕಿರಾಣಾ ಘರಾಣೆಯ ಗಾಯನವನ್ನೂ ಏಕತಾರಿಯ ತತ್ತ್ವಪದವನ್ನೂ ಒಂದೇ ಶ್ರದ್ಧೆಯಿಂದ ಕೇಳುವವರು. ಇನ್ನೊಬ್ಬನು ಅವರ ತಂಗಿಯ ಮಗ, ವಾಡಿಯಲ್ಲಿ ಬೆಳೆದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, ಡೂಮ್ ಮೆಟಲ್ ಎಂದು ಹೆಸರಾದ ಮಂದಗತಿಯ ಕರಾಳ ರಾಕ್ ಸಂಗೀತವನ್ನು ಹದಿಹರೆಯದಿಂದಲೂ ಪ್ರೀತಿಸಿಕೊಂಡು ಬಂದವನು. ಲೋಕದ ರುಚಿ ಬಗೆಬಗೆಯೆಂದು ಹೇಳಿ ಎದ್ದುಹೋಗಬಹುದಾಗಿದ್ದ ವಿಷಯವನ್ನು ಇವರು ಹಾಗೆ ಬಿಡಲಿಲ್ಲ. ಬಿಡದಿದ್ದುದು ಸರಿಯೆಂದೇ ನನ್ನ ಭಾವನೆ. ಏಕೆಂದರೆ ನಾವು ಅತ್ಯಂತ ಪ್ರೀತಿಸುವುದನ್ನು ನಮ್ಮವರೇ ಒಬ್ಬರು ಹೇಸಿ ದೂರವಿಡುವಾಗ ಅದರ ಕಾರಣವನ್ನು ಕೇಳದೆ ಸುಮ್ಮನಿರುವುದು ಉದಾಸೀನವೇ ಹೊರತು ಸೌಜನ್ಯವೆನಿಸದು.

ಮಾವ: ಸದ್ದು ಹೆಚ್ಚೆಂಬ ಕಾರಣದಿಂದ ನಾನು ನಿನ್ನ ಸಂಗೀತವನ್ನು ಹಳಿಯುವವನಲ್ಲ, ತಮ್ಮಾ. ಮೊಹರಂ ತಿಂಗಳ ಖತಲ್ ರಾತ್ರಿಯಲ್ಲಿ ಅಲಾವಿಯ ಬೆಂಕಿಗುಂಡಿಯ ಸುತ್ತ ಹಲಗೆಗಳೆಲ್ಲ ಒಮ್ಮೆಗೇ ಮೊಳಗುವುದನ್ನು ಬಾಲ್ಯದಿಂದ ಕೇಳುತ್ತ ಬಂದ ಕಿವಿ ಇದು. ಪರದೇಶದ್ದೆಂಬುದೂ ನನಗೆ ಅಡ್ಡಿಯಲ್ಲ. ಹಾರ್ಮೋನಿಯಂ ಪರದೇಶದಿಂದ ಬಂದು ನಮ್ಮ ಭಜನೆಯ ಮನೆಗಳಲ್ಲಿ ಕುಳಿತಿದೆ, ಅದನ್ನು ಯಾರೂ ಎಬ್ಬಿಸಿ ಕಳುಹಿಸಲಿಲ್ಲ. ನನ್ನ ಆಕ್ಷೇಪ ಬೇರೊಂದು. ಲೋಕದ ಸಂಗೀತವೆಲ್ಲವೂ ದುಃಖವನ್ನು ಹಾಡುತ್ತದೆ, ಭಯವನ್ನು ಹಾಡುವುದೂ ಉಂಟು. ಆದರೆ ಹಾಡಿ, ಅದನ್ನು ದಾಟುತ್ತದೆ. ನೀನು ಕೇಳುವ ಹಾಡುಗಳಾದರೋ ಕತ್ತಲೆಯೊಳಗೆ ಪ್ರವೇಶಿಸಿ ಅಲ್ಲಿಯೇ ನೆಲೆಸಿಬಿಡುತ್ತವೆ. ಸ್ಮಶಾನ, ಯುದ್ಧ, ಉನ್ಮಾದ, ಲೋಕಾಂತ್ಯ, ಇವುಗಳ ವಿನಾ ಮನುಷ್ಯನಿಗೆ ಹಾಡತಕ್ಕ ವಸ್ತುವೇ ಇಲ್ಲವೆಂಬಂತೆ. ದುಃಖವನ್ನು ಆಭರಣವಾಗಿ ತೊಡುವುದು ನನಗೆ ಒಪ್ಪಿಗೆಯಾಗದು.

ಅಳಿಯ: ಆ ಸಂಗೀತ ಎಲ್ಲಿ ಹುಟ್ಟಿತೆಂಬುದನ್ನು ಮೊದಲು ಹೇಳುತ್ತೇನೆ, ಮಾಮಾ, ಆಮೇಲೆ ಅದು ಆಭರಣವೋ ಅಲ್ಲವೋ ನೀವೇ ಹೇಳಿರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಸ್ಟನ್ ಎಂಬುದೊಂದು ಭಾಗ. ಕಾರ್ಖಾನೆಗಳ ನಡುವೆ ಕಾರ್ಮಿಕರ ಮನೆಗಳು, ಯುದ್ಧಕಾಲದ ಬಾಂಬಿನಿಂದ ಬಿದ್ದ ಕಟ್ಟಡಗಳ ಕುಪ್ಪೆಗಳು. ಅಲ್ಲಿ ಟೋನಿ ಅಯೋಮಿ ಎಂಬ ಹುಡುಗ, ಹದಿನೇಳನೆಯ ವಯಸ್ಸಿನಲ್ಲಿ, ಲೋಹದ ತಗಡಿನ ಕಾರ್ಖಾನೆಯಲ್ಲಿ ತನ್ನ ಕೆಲಸದ ಕೊನೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಎಡಗೈಯಿಂದ ಮೀಟುವವನಾದುದರಿಂದ ಗಿಟಾರಿನ ತಂತಿಯನ್ನು ಒತ್ತುವ ಕೈ ಅದೇ ಆಗಿತ್ತು. ಇನ್ನು ನುಡಿಸಲಾರೆನೆಂದು ಕೈಚೆಲ್ಲಿದವನಿಗೆ ಕಾರ್ಖಾನೆಯ ಮೇಲ್ವಿಚಾರಕನೊಬ್ಬ ಜ್ಯಾಂಗೋ ರೈನ್‌ಹಾರ್ಟನ ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದನಂತೆ. ಆ ಮಹಾವಾದಕನೂ ಬೆಂಕಿಯಲ್ಲಿ ಎರಡು ಬೆರಳುಗಳ ಶಕ್ತಿಯನ್ನು ಕಳೆದುಕೊಂಡವನು. ಹುಡುಗ ಪ್ಲಾಸ್ಟಿಕ್ಕನ್ನು ಕರಗಿಸಿ ತುಂಡಾದ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡನು, ತೆಳುವಾದ ತಂತಿಗಳನ್ನು ಹುಡುಕಿಕೊಂಡನು, ಕೆಲವು ವರ್ಷಗಳ ಬಳಿಕ, 1971ರ ಧ್ವನಿಮುದ್ರಿಕೆಯ ಹೊತ್ತಿಗೆ, ತಂತಿಗಳನ್ನು ಮೂರು ಅರ್ಧಸ್ವರಗಳಷ್ಟು ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸಿದನು. ಅವನೂ ಇನ್ನು ಮೂವರೂ ಸೇರಿ ಕಟ್ಟಿದ ಬ್ಲ್ಯಾಕ್ ಸಬ್ಬತ್ ತಂಡದ ಭಾರವಾದ, ಮಂದ್ರವಾದ ನಾದವೆಂದು ಇಂದು ಲೋಕವೆಲ್ಲ ಹೇಳುವುದರಲ್ಲಿ ಒಂದು ಪಾಲು ಆ ಗಾಯಗೊಂಡ ಬೆರಳಿನದು. ಆಗ ರೇಡಿಯೋದಲ್ಲಿ ಹೂವಿನ, ಪ್ರೇಮದ ಹಾಡುಗಳು ಬರುತ್ತಿದ್ದವು. ಆಸ್ಟನ್ನಿನ ಆ ನಾಲ್ವರಿಗೆ ಆ ಹೂವುಗಳು ತಮ್ಮ ಬೀದಿಯಲ್ಲಿ ಎಲ್ಲಿಯೂ ಕಾಣಲಿಲ್ಲ. ಅವರು ಕಂಡುದನ್ನು ಹಾಡಿದರು.

ಮಾವ: ಶಹಾಬಾದಿನ ಫರಸಿ ಕಲ್ಲಿನ ಖಣಿಗಳಲ್ಲಿ ಬೆರಳು ಕಳೆದುಕೊಂಡವರನ್ನು ನಾನೂ ಬಲ್ಲೆನು. ಪದರಪದರವಾಗಿ ಏಳುವ ಆ ಸುಣ್ಣದ ಕಲ್ಲನ್ನು ಉಳಿಯಿಂದ ಎಬ್ಬಿಸಿ, ಅರ್ಧ ದೇಶದ ಮನೆಗಳಿಗೆ ನೆಲ ಹಾಸಿಕೊಟ್ಟು, ತಾವು ಮಣ್ಣಿನ ನೆಲದ ಮೇಲೆ ಮಲಗಿದವರು. ಅವರು ಸಂಜೆಗೆ ಭಜನೆಯಲ್ಲಿ ತಾಳ ಹಿಡಿದು ಕುಳಿತರು. ಕಡಕೋಳ ಮಡಿವಾಳಪ್ಪನ ಪದದಲ್ಲಿ, ಚೆನ್ನೂರು ಜಲಾಲಸಾಹೇಬನ ಪದದಲ್ಲಿ ಅವರ ದುಃಖ ಕರಗಿತು.

ಅಳಿಯ: ಕರಗಿತೆಂದು ಹೇಳುವವರು ನಾವು, ಮಾಮಾ. ಅವರನ್ನು ಯಾರೂ ಕೇಳಲಿಲ್ಲ.

ಮಾವ: ಆ ಮಾತು ನಿಜ, ಅದನ್ನು ಅಲ್ಲಗಳೆಯಲಾರೆ. ಇರಲಿ. ನಿನ್ನ ಆ ನಾಲ್ವರ ಮೊದಲ ಹಾಡು ಹೇಗೆ ಆರಂಭವಾಗುತ್ತದೆ ಹೇಳು. ಮಾತು ಬೇಡ, ಸ್ವರ ಹೇಳು.

ಅಳಿಯ: 1970ರ ಫೆಬ್ರವರಿ 13ರಂದು ಬಂದ ಮೊದಲ ಧ್ವನಿಮುದ್ರಿಕೆ, ಅದರ ಮೊದಲ ಹಾಡು. ಮಳೆಯ ಸದ್ದು, ದೂರದಲ್ಲೊಂದು ಗಂಟೆ, ಗುಡುಗು. ಆಮೇಲೆ ಗಿಟಾರು ಮೂರೇ ಸ್ವರಗಳನ್ನು ಅತ್ಯಂತ ನಿಧಾನವಾಗಿ ನುಡಿಸುತ್ತದೆ. ಕೆಳಗಿನದೊಂದು ಸ್ವರ, ಅದರದೇ ಮೇಲಿನ ಸ್ಥಾಯಿ, ಆಮೇಲೆ ಅವೆರಡರ ನಟ್ಟನಡುವೆ ನಿಲ್ಲುವ ಮೂರನೆಯದು. ಆ ಮೂರನೆಯದು ಕಂಪಿಸುತ್ತ ಬಹಳ ಹೊತ್ತು ನಿಲ್ಲುತ್ತದೆ. ಆ ಅಂತರವನ್ನು ಯುರೋಪಿನ ಹಳೆಯ ಸಂಗೀತಶಾಸ್ತ್ರಜ್ಞರು ಸಂಗೀತದೊಳಗಿನ ಸೈತಾನನೆಂದು ಕರೆದಿದ್ದರು.

ಮಾವ: ಷಡ್ಜ, ತಾರಷಡ್ಜ, ತೀವ್ರ ಮಧ್ಯಮ. ಸೈತಾನನೆ? ನಮ್ಮಲ್ಲಿ ಅದು ಯಮನ್ ರಾಗದ ಪ್ರಾಣಸ್ವರವಲ್ಲವೆ! ದಕ್ಷಿಣಾದಿಯವರ ಕಲ್ಯಾಣಿಯಲ್ಲಿಯೂ ಇರುವುದು ಅದೇ ಪ್ರತಿಮಧ್ಯಮ. ದೀಪ ಹಚ್ಚುವ ಹೊತ್ತಿಗೆ ಯಮನ್ ಹಾಡುತ್ತ ಆ ಸ್ವರವನ್ನು ಮುಟ್ಟಿದ ಗಾಯಕನಿಗೆ ಮಂಗಳದ ಅನುಭವವೇ ಹೊರತು ಭೀತಿಯದಲ್ಲ. ಆದುದರಿಂದ ಕತ್ತಲೆ ಆ ಸ್ವರದಲ್ಲಿಲ್ಲ. ಅದರ ನೆರೆಯಲ್ಲಿ ಯಾವ ಸ್ವರವಿದೆ, ಯಾವುದನ್ನು ತೆಗೆದುಹಾಕಿದೆ, ಯಾವ ಗತಿಯಲ್ಲಿ ಅದನ್ನು ಸಮೀಪಿಸಿದೆ ಎಂಬುದರಲ್ಲಿದೆ. ಮಾರ್ವಾ ರಾಗವನ್ನು ನೆನೆದುಕೋ. ಅದೇ ತೀವ್ರ ಮಧ್ಯಮ. ಆದರೆ ಪಂಚಮ ವರ್ಜ್ಯ, ಋಷಭ ಕೋಮಲ, ಷಡ್ಜವನ್ನೂ ಗಾಯಕ ಬಹಳ ಹೊತ್ತು ಮುಟ್ಟದೆ ತಪ್ಪಿಸಿಕೊಂಡು ಹೋಗುತ್ತಾನೆ. ಸೂರ್ಯ ಮುಳುಗುವ ಹೊತ್ತಿನ ರಾಗ. ನಿಲ್ಲಲು ನೆಲವಿಲ್ಲದವನ ತಳಮಳ. ಅಮೀರ್ ಖಾನ್ ಸಾಹೇಬರ ಮಾರ್ವಾ ಕೇಳಿದ ಸಂಜೆ ನನಗೆ ಊಟ ಸೇರುವುದಿಲ್ಲ.

ಅಳಿಯ: ಊಟ ಸೇರದಿದ್ದರೂ ಕೇಳುತ್ತೀರಿ.

ಮಾವ: ಕೇಳುತ್ತೇನೆ. ಕೇಳದಿರಲಾರೆ.

ಅಳಿಯ: ನಾನು ಇಷ್ಟು ದಿನ ನಿಮಗೆ ಹೇಳಲು ಬಯಸಿದ್ದು ಇದನ್ನೇ. ಇನ್ನೊಂದು ಸಂಬಂಧವನ್ನೂ ತೋರಿಸುತ್ತೇನೆ. ಅಮೆರಿಕೆಯಲ್ಲಿ ಲಾ ಮಾಂಟ್ ಯಂಗ್ ಎಂಬ ಸಂಗೀತಕಾರ 1950ರ ದಶಕದಲ್ಲಿಯೇ ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆಯಲ್ಲಿ ತಂಬೂರಿಯ ನಾದವನ್ನು ಕೇಳಿ, ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುವ ಸಂಗೀತವನ್ನು ರಚಿಸತೊಡಗಿದ. ಅವನ ಗೋಷ್ಠಿಯಲ್ಲಿ ವಯೋಲಾ ನುಡಿಸುತ್ತಿದ್ದ ಜಾನ್ ಕೇಲ್ ಮುಂದೆ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡವನ್ನು ಕಟ್ಟಿದವರಲ್ಲಿ ಒಬ್ಬನಾದ. 1967ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಆ ಅವಿಚ್ಛಿನ್ನ ನಾದದ ಮೇಲೆ ಬೀದಿಯ, ವ್ಯಸನದ, ಏಕಾಂತದ ಹಾಡುಗಳನ್ನು ಹಾಡಿದರು. ಕರಾಳ ರಾಕ್ ಎಂಬುದರ ಇನ್ನೊಂದು ಬೇರು ಅಲ್ಲಿದೆ. ಅದೇ ಯಂಗ್ 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯನಾದ.

ಮಾವ: ಪ್ರಾಣನಾಥರೆಂದರೆ ಅಬ್ದುಲ್ ವಹೀದ್ ಖಾನರ ಶಿಷ್ಯರು! ಅಮೀರ್ ಖಾನರ ಅತಿವಿಲಂಬಿತಕ್ಕೆ ಮಾದರಿಯಾದವರೂ ಆ ವಹೀದ್ ಖಾನರೇ. ಅವರ ಬಂಧು ಅಬ್ದುಲ್ ಕರೀಂ ಖಾನರು. ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ, ಭೀಮಸೇನರು. ಇದು ನಮ್ಮ ಕಿರಾಣಾ ಮನೆಯ ಮಾತಾಯಿತಲ್ಲ!

ಅಳಿಯ: ಬ್ಲ್ಯಾಕ್ ಸಬ್ಬತ್ ಕಿರಾಣಾದ ಸಂತಾನವೆಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಒಂದು ಸ್ವರವನ್ನು ಅವಸರವಿಲ್ಲದೆ, ಅದು ತನ್ನೊಳಗಿನದನ್ನೆಲ್ಲ ತೋರುವ ತನಕ ಬಿಡದೆ ಹಿಡಿಯುವುದು ವಿಲಂಬಿತವನ್ನು ಬಲ್ಲ ನಿಮಗೆ ಅಪರಿಚಿತವಾದ ಸಾಧನೆಯಲ್ಲ. ಡೂಮ್ ಮೆಟಲಿನವರು ಮಾಡುವುದು ಅದನ್ನೇ, ವಿದ್ಯುತ್ತಿನ ಗಿಟಾರಿನಲ್ಲಿ. ಬೆಂಗಳೂರಿನಲ್ಲಿ 1990ರ ದಶಕದಲ್ಲಿಯೇ ಡೈಯಿಂಗ್ ಎಂಬ್ರೇಸ್ ಎಂಬ ತಂಡ ಈ ಮಂದಗತಿಯನ್ನು ನುಡಿಸತೊಡಗಿತು, ಆಮೇಲೆ ಬೆವರ್ ಸೀ ಎಂಬ ಇನ್ನೊಂದು ತಂಡ ಬಂದಿತು. ಪ್ರಸಿದ್ಧಿ, ಹಣ ಎರಡೂ ಇಲ್ಲಿ ಕಡಿಮೆ. ಆದರೂ ನುಡಿಸುವವರು ಬಿಟ್ಟಿಲ್ಲ.

ಮಾವ: ಗತಿಯನ್ನು ಕುರಿತು ನನ್ನ ತಕರಾರು ಈಗ ಸಡಿಲವಾಯಿತು. ರಸವನ್ನು ಕುರಿತಾದದ್ದು ಉಳಿದಿದೆ, ಕೇಳು. ಭರತನು ಎಂಟು ರಸಗಳಲ್ಲಿ ಭಯಾನಕವನ್ನೂ ಬೀಭತ್ಸವನ್ನೂ ಎಣಿಸಿದ್ದಾನೆ. ಒಂದಕ್ಕೆ ಕಪ್ಪು ಬಣ್ಣವೆಂದೂ ಇನ್ನೊಂದಕ್ಕೆ ನೀಲಿಯೆಂದೂ ಹೇಳಿದ್ದಾನೆ. ಭಯ, ಜುಗುಪ್ಸೆಗಳನ್ನು ಕಲೆಯ ಮನೆಯಿಂದ ಹೊರಗಿಡದೆ, ಶೃಂಗಾರ ವೀರಗಳ ಪಂಕ್ತಿಯಲ್ಲಿಯೇ ಕೂರಿಸಿದ ಔದಾರ್ಯ ಅದು. ಕರುಣವು ಕೇವಲ ದುಃಖವೇ ಆಗಿದ್ದರೆ ಯಾವ ಸಹೃದಯನೂ ರಾಮಾಯಣದ ಬಳಿಗೆ ಹೋಗುತ್ತಿರಲಿಲ್ಲವೆಂದು ಸಾಹಿತ್ಯದರ್ಪಣದ ವಿಶ್ವನಾಥನು ವಾದಿಸುತ್ತಾನೆ. ಅದೂ ನಿನ್ನ ಪಕ್ಷಕ್ಕೇ ಸಲ್ಲುತ್ತದೆ. ಆದರೆ ಅದೇ ವಿಶ್ವನಾಥನು ನಾಟಕದಲ್ಲಿ ಅಂಗಿಯಾಗಿ, ಎಂದರೆ ಪ್ರಧಾನವಾಗಿ, ಇರತಕ್ಕ ರಸ ಶೃಂಗಾರ ಅಥವಾ ವೀರ ಎಂದು ನಿಯಮ ಹಾಕುತ್ತಾನೆ, ಉಳಿದವು ಅಂಗಗಳು. ಕಪ್ಪು ಬಣ್ಣ ಚಿತ್ರದಲ್ಲಿರಬೇಕು, ಚಿತ್ರವೆಲ್ಲ ಕಪ್ಪಾಗಬಾರದು.

ಅಳಿಯ: ಶಾಸ್ತ್ರದಲ್ಲಿ ಅದಕ್ಕೆ ಅಪವಾದವೇ ಇಲ್ಲವೆ?

ಮಾವ: ಇದೆ, ಕೇಳಿದ ಮೇಲೆ ಮುಚ್ಚಿಡುವುದು ಅಧ್ಯಾಪಕನ ಧರ್ಮವಲ್ಲ. ಹತ್ತು ರೂಪಕಗಳಲ್ಲಿ ನಾಟಕದಂತೆ ಡಿಮ ಎಂಬುದೂ ಒಂದು. ಅದರಲ್ಲಿ ರೌದ್ರವೇ ಅಂಗಿ. ಶೃಂಗಾರ, ಹಾಸ್ಯಗಳಿಗೆ ಪ್ರವೇಶವೇ ಇಲ್ಲ. ಮಾಯೆ, ಇಂದ್ರಜಾಲ, ಗ್ರಹಣ, ಉಲ್ಕಾಪಾತ, ಯುದ್ಧ; ಪಾತ್ರಗಳಾಗಿ ದೇವ, ಯಕ್ಷ, ರಾಕ್ಷಸ, ಭೂತ, ಪ್ರೇತ, ಪಿಶಾಚರು. ತ್ರಿಪುರದಾಹವೆಂಬ ಡಿಮವನ್ನು ಶಿವನ ಮುಂದೆ ಆಡಿದರೆಂದು ನಾಟ್ಯಶಾಸ್ತ್ರವೇ ಹೇಳುತ್ತದೆ. ಉತ್ಸೃಷ್ಟಿಕಾಂಕವೆಂಬ ಇನ್ನೊಂದು ರೂಪಕದಲ್ಲಿ ಕರುಣವೇ ಪ್ರಧಾನ, ಯುದ್ಧ ಮುಗಿದ ಮೇಲಿನ ಸ್ತ್ರೀಯರ ವಿಲಾಪವೇ ಅದರ ದೇಹ.

ಅಳಿಯ: ಹಾಗಾದರೆ ನಾನು ಕೇಳುತ್ತಿರುವುದು ಡಿಮ, ಮಾಮಾ. ಅದನ್ನು ನಾಟಕದ ನಿಯಮದಿಂದ ಅಳೆದಿರಿ.

ಮಾವ: ಆ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಒಂದು ಮಾರ್ಗದ ಕಾವ್ಯವನ್ನು ಇನ್ನೊಂದು ಮಾರ್ಗದ ಅಳತೆಯಿಂದ ತೂಗುವ ಪ್ರಶ್ನೆ ನಮ್ಮ ಈ ನೆಲಕ್ಕೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಆ ಪಾಳುಕೋಟೆಯಿದ್ದಲ್ಲಿ, 9ನೆಯ ಶತಮಾನದ ರಾಷ್ಟ್ರಕೂಟರ ಸಭೆಯಲ್ಲಿ ಕವಿರಾಜಮಾರ್ಗ ಹುಟ್ಟಿತು. ದಕ್ಷಿಣಮಾರ್ಗ, ಉತ್ತರಮಾರ್ಗಗಳ ಭೇದವನ್ನು ಅದು ಎಷ್ಟು ಸಾವಧಾನದಿಂದ ವಿವೇಚಿಸುತ್ತದೆಂಬುದನ್ನು ನಾನು ಮಕ್ಕಳಿಗೆ ಪಾಠ ಹೇಳಿದವನು. ಅಲ್ಲಿಂದ ಒಂದು ಶತಮಾನ ಕಳೆದ ಮೇಲೆ, 973ರಲ್ಲಿ ಮಳಖೇಡದ ಅರಸೊತ್ತಿಗೆ ಚಾಳುಕ್ಯ ತೈಲಪನ ಕೈಸೇರಿತು. ಆ ವಂಶದ ಆಶ್ರಯದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ಕುರುಕ್ಷೇತ್ರದ ಹೆಣಗಳ ನಡುವೆ, ಮರುಳುಗಳ ನಡುವೆ ನಡೆದುಹೋಗುವ ಭಾಗ ನೆನಪಿದೆಯೆ? ಕನ್ನಡದಲ್ಲಿ ಅದಕ್ಕಿಂತ ಕರಾಳವಾದ ಚಿತ್ರವನ್ನು ನಾನು ಕಾಣೆನು. ಭಯಾನಕ, ಬೀಭತ್ಸ, ಕರುಣ ಮೂರನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ್ದಾನೆ. ತರಗತಿಯಲ್ಲಿ ಅದನ್ನು ಓದಿದಾಗ ಕೊನೆಯ ಬೆಂಚಿನ ಹುಡುಗರೂ ಸ್ತಬ್ಧರಾಗುತ್ತಿದ್ದರು.

ಅಳಿಯ: ಆ ಹುಡುಗರಲ್ಲಿ ಯಾರೂ ಅದನ್ನು ಕೇಳಿ ಕೆಟ್ಟುಹೋಗಲಿಲ್ಲವಲ್ಲ.

ಮಾವ: ಇಲ್ಲ. ಆದರೆ ಅವರು ಒಟ್ಟಿಗೆ ಕುಳಿತು ಕೇಳಿದರು, ಗಂಟೆ ಬಾರಿಸಿದ ಮೇಲೆ ಎದ್ದು ಅಂಗಳಕ್ಕೆ ಹೋದರು. ನನ್ನ ಆಕ್ಷೇಪದ ತಿರುಳಿಗೆ ಈಗ ಬಂದೆವು, ತಮ್ಮಾ. ನಮ್ಮ ಸೀಮೆಯಲ್ಲಿ ಕತ್ತಲ ಹಾಡುಗಳಿಗೆ ಕೊರತೆಯಿಲ್ಲ. ಮೊಹರಂನಲ್ಲಿ ರಿವಾಯತ ಹಾಡುವವರನ್ನು ನೀನು ಕೇಳಿದ್ದೀಯೆ. ಕರ್ಬಲಾದ ಮರುಭೂಮಿಯಲ್ಲಿ ನೀರಿಲ್ಲದೆ ಮಡಿದ ಮಕ್ಕಳ ಕಥೆಯನ್ನು, 680ರಲ್ಲಿ ಅಷ್ಟು ದೂರದಲ್ಲಿ ನಡೆದುದನ್ನು, ಲಿಂಗಾಯತರ, ಕುರುಬರ, ಮುಸಲ್ಮಾನರ ಹುಡುಗರು ಹೆಗಲಿಗೆ ಹೆಗಲು ಕೂಡಿಸಿ ಹೆಜ್ಜೆ ಹಾಕುತ್ತ ತಮ್ಮ ಓಣಿಯಲ್ಲಿಯೇ ನಿನ್ನೆ ನಡೆದಂತೆ ಹಾಡುತ್ತಾರೆ. ಕುಂಚಾವರಂ ಸುತ್ತಿನ ತಾಂಡಾಗಳಲ್ಲಿ ಮದುವೆಯ ಹೆಣ್ಣು ಢಾವಲೋ ಹಾಡುವುದನ್ನು ಕೇಳು: ತಾಯಿಯ ಕೊರಳು ಹಿಡಿದು, ಗೆಳತಿಯರ ಕೊರಳು ಹಿಡಿದು, ಅಳುವನ್ನೇ ಹಾಡಾಗಿ ಎಳೆಯುತ್ತ ಹೋಗುವಳು. ಹಿರಿಯ ಹೆಂಗಸರು ಹುಡುಗಿಗೆ ಮದುವೆಗೆ ಮುಂಚೆ ಅದನ್ನು ಕಲಿಸುತ್ತಿದ್ದರು. ನೋಡು, ಅಳುವುದನ್ನೂ ಕಲಿಸುತ್ತಿದ್ದರು, ಅದಕ್ಕೊಂದು ಮಟ್ಟು ಹಾಕಿಕೊಡುತ್ತಿದ್ದರು! ಆದರೆ ಮೊಹರಂ ಹತ್ತನೆಯ ದಿನಕ್ಕೆ ಮುಗಿಯುತ್ತದೆ. ಢಾವಲೋ ಹೆಣ್ಣು ಗಂಡನ ಮನೆಗೆ ಹೊರಡುವುದರೊಂದಿಗೆ ಮುಗಿಯುತ್ತದೆ. ದುಃಖಕ್ಕೆ ದಿನವುಂಟು, ಜನರುಂಟು, ಕೊನೆಯುಂಟು. ನಿನ್ನ ಸಂಗೀತಕ್ಕೆ ಇವಾವುವೂ ಇಲ್ಲ. ಕಿವಿಯಲ್ಲಿ ಹೆಡ್‌ಫೋನ್ ಇಟ್ಟುಕೊಂಡವನಿಗೆ ವರ್ಷವೆಲ್ಲ ಖತಲ್ ರಾತ್ರಿ.

ಅಳಿಯ: ಇದು ನನ್ನ ತಾಯಿ ಲಿಂಗೈಕ್ಯಳಾದ ದಿನ ನಿಮ್ಮ ಮನಸ್ಸಿನಲ್ಲಿ ಹುಟ್ಟಿದ ಮಾತೆಂದು ನನಗೆ ಗೊತ್ತು.

ಮಾವ: ಹೌದು. ಅಂಗಳದಲ್ಲಿ ಬೆಳತನಕ ಭಜನೆ ನಡೆದಿತ್ತು. ಊರಿಗೆ ಊರೇ ಬಂದು ಕುಳಿತಿತ್ತು. ನೀನು ಒಳಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಅದೇ ಸಂಗೀತವನ್ನು ಕೇಳುತ್ತ ಕುಳಿತಿದ್ದೆ. ನನ್ನ ತಂಗಿಯ ಸಾವಿಗೆ ಅವಳ ಮಗ ಬೆನ್ನು ತಿರುಗಿಸಿದನೆಂದು ನನಗೆ ತೋರಿತು. ಆ ನೋವನ್ನು ಇಂದಿನವರೆಗೆ ನಿನ್ನೊಡನೆ ಆಡಿರಲಿಲ್ಲ.

ಅಳಿಯ: ಬೆನ್ನು ತಿರುಗಿಸಲಿಲ್ಲ, ಮಾಮಾ. ಭಜನೆಯವರು ಹಾಡಿದ ಪದಗಳಲ್ಲಿ ಕಾಯ ಅನಿತ್ಯ, ಆತ್ಮ ನಿತ್ಯ ಎಂಬ ನಿರ್ಣಯ ಮೊದಲೇ ಸಿದ್ಧವಾಗಿತ್ತು. ನಾನು ಇನ್ನೂ ಪ್ರಶ್ನೆಯ ಬಾಗಿಲಿಗೇ ತಲುಪಿರಲಿಲ್ಲ. ಆ ಪದಗಳು ಸುಳ್ಳೆಂದಲ್ಲ. ನನಗೆ ಅವು ಅಕಾಲದಲ್ಲಿ ಬಂದವು. ಒಳಗೆ ಕುಳಿತು ನಾನು ಕೇಳಿದ ಸಂಗೀತ ಯಾವ ಸಮಾಧಾನವನ್ನೂ ಹೇಳಲಿಲ್ಲ, ಏಳು ಎನ್ನಲಿಲ್ಲ, ಅಳಬೇಡ ಎನ್ನಲಿಲ್ಲ. ಒಂದೇ ಮಂದ್ರಸ್ವರವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ನನ್ನ ಉಸಿರಿಗಿಂತ ನಿಧಾನವಾಗಿ ನಡೆಯಿತು. ಕ್ರಮೇಣ ನನ್ನ ಉಸಿರೂ ಅದರ ಗತಿಗೆ ಇಳಿಯಿತು. ಅಳು ಬಂದದ್ದು ಆಗ. ಲಂಬಾಣಿ ಹುಡುಗಿಗೆ ಹಿರಿಯರು ಕಲಿಸಿಕೊಟ್ಟ ಮಟ್ಟು ನನಗೆ ಯಾರೂ ಕಲಿಸಿರಲಿಲ್ಲ. ವಾಡಿಯ ಕ್ವಾರ್ಟರ್ಸಿನಲ್ಲಿ ಬೆಳೆದವನಿಗೆ, ಗಂಡುಹುಡುಗ ಅಳಬಾರದೆಂಬುದನ್ನು ಮಾತ್ರ ಕಲಿತವನಿಗೆ, ಆ ಪರದೇಶಿ ಗಿಟಾರು ಕಲಿಸಿತು. ನೀವು ಹೇಳಿದ ದಿನ, ಜನ, ಕೊನೆ ಇವು ಇರುವವರು ಭಾಗ್ಯವಂತರು. ಇಲ್ಲದವರು ಎಲ್ಲಿ ಹೋಗಬೇಕು?

ಈ ಮಾತುಗಳನ್ನು ಬರೆದಿಡುವ ನನ್ನ ಅಭಿಪ್ರಾಯವನ್ನು ಇಲ್ಲಿ ಸೇರಿಸದಿದ್ದರೆ ಅಪ್ರಾಮಾಣಿಕವಾದೀತು. ಹಿರಿಯರ ವಾದದಲ್ಲಿ ಸಮುದಾಯಕ್ಕಿರುವ ಬೆಲೆಯನ್ನು ನಾನು ಕಡಿಮೆಯೆಂದು ಎಣಿಸಲಾರೆ. ಆದರೆ ಊರು ಬಿಟ್ಟು, ಹಬ್ಬಗಳ ಲೆಕ್ಕ ತಪ್ಪಿ, ನಗರದ ಬಾಡಿಗೆ ಕೋಣೆಗಳಲ್ಲಿ ಬದುಕುವ ಈ ಪೀಳಿಗೆಯ ಬಳಿ ದುಃಖ ಮೊದಲಿನಷ್ಟೇ ಇದ್ದು ಅದನ್ನು ಇಳುಹಲು ಅಲಾವಿಯಾಗಲಿ ಅಂಗಳವಾಗಲಿ ಇಲ್ಲದಿರುವಾಗ, ಅವರು ತಮಗೆ ದೊರೆತ ನಾದದಲ್ಲಿ ಅದನ್ನು ಇಳುಹಿದರೆಂಬುದು ದೂಷಣೆಯ ವಿಷಯವಾಗಿ ನನಗೆ ಕಾಣದು.

ಮಾವ: ನಿನ್ನ ತಾಯಿಯನ್ನು ಕುರಿತ ಮಾತಿಗೆ ನನ್ನಲ್ಲಿ ಪ್ರತಿಮಾತಿಲ್ಲ. ಆದರೆ ಒಂದು ಭಯವಿದೆ. ಕತ್ತಲೆಯನ್ನು ಹಾಡುತ್ತ ಹಾಡುತ್ತ ಅದೇ ಆಗಿಹೋದವರು ಇಲ್ಲವೆ?

ಅಳಿಯ: ಇದ್ದಾರೆ. ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಅಪಸ್ಮಾರವೂ ವಿಷಾದವೂ ಅವನನ್ನು ಹಿಂಡಿದ್ದವು. ಅವನ ಹಾಡುಗಳನ್ನು ಸುತ್ತಲಿನವರು ಕಾವ್ಯವೆಂದು ಕೇಳಿದರು. ಅದರೊಳಗಿನ ಕೂಗನ್ನು ಯಾರೂ ಕೂಗೆಂದು ತಿಳಿಯಲಿಲ್ಲ. ಅದನ್ನು ನೆನೆದಾಗ ನನಗೂ ಭಯವಾಗುತ್ತದೆ. ಇನ್ನು ನಾರ್ವೆಯ ಕಥೆ ಬೇರೆ. ಅಲ್ಲಿ ಬ್ಲ್ಯಾಕ್ ಮೆಟಲ್ ಎಂಬ ಶಾಖೆಯ ಕೆಲವು ತರುಣರು ಹಾಡಿದ್ದು ಸಾಲದೆಂದು 1992ರ ಜೂನ್ ತಿಂಗಳಲ್ಲಿ ಬರ್ಗೆನ್ ನಗರದ ಬಳಿಯ ಫಾಂಟೋಫ್ಟ್ ಎಂಬ, 12ನೆಯ ಶತಮಾನದ ಮರದ ಇಗರ್ಜಿಗೆ ಬೆಂಕಿಯಿಟ್ಟರು. ಮುಂದೆ ಇನ್ನೂ ಕೆಲವು ಇಗರ್ಜಿಗಳು ಸುಟ್ಟವು, 1993ರಲ್ಲಿ ಅವರೊಳಗೇ ಒಬ್ಬನು ಇನ್ನೊಬ್ಬನನ್ನು ಕೊಂದ. ಆ ಕಾಲದ ಕೆಲವು ಧ್ವನಿಮುದ್ರಿಕೆಗಳಲ್ಲಿ ಅಪೂರ್ವವಾದ ನಾದವಿದೆಯೆಂದು ನನ್ನ ಗೆಳೆಯರು ಹೇಳುತ್ತಾರೆ. ಇರಬಹುದು. ನಾನು ಅವುಗಳನ್ನು ಕೇಳುವುದಿಲ್ಲ.

ಮಾವ: ನಿನ್ನ ಗೆಳೆಯರ ಮುಂದೆಯೂ ಹೀಗೆಯೇ ಹೇಳುತ್ತೀಯಾ?

ಅಳಿಯ: ಹೇಳುತ್ತೇನೆ; ಹೇಳಿ ಜಗಳವನ್ನೂ ಆಡಿದ್ದೇನೆ. ರಚನೆ ಬೇರೆ, ರಚಿಸಿದವನು ಬೇರೆ ಎಂದು ಅವರು ವಾದಿಸುತ್ತಾರೆ. ಎಂಟುನೂರು ವರ್ಷ ನಿಂತ ಮರದ ಕೆತ್ತನೆಯನ್ನು ಬೂದಿ ಮಾಡಿದ ಕೈಯ ಗಿಟಾರು ನನ್ನ ಕಿವಿಗೆ ಹೊಗೆಯನ್ನೇ ತರುತ್ತದೆ.

ಮಾವ: ನಮ್ಮವರು ರಸಕ್ಕೂ ಲೌಕಿಕ ಭಾವಕ್ಕೂ ಭೇದ ಹೇಳಿದ್ದು ಇದಕ್ಕಾಗಿಯೇ ಇರಬೇಕು. ರಂಗದ ಮೇಲಿನ ಕ್ರೋಧ ರೌದ್ರ. ಅದು ರಂಗದಿಂದ ಇಳಿದು ಬೀದಿಗೆ ಬಂದು ಬೆಂಕಿಯಿಟ್ಟರೆ ಮತ್ತೆ ಕೇವಲ ಕ್ರೋಧ. ರನ್ನನು ಹೆಣಗಳ ಬಯಲನ್ನು ವರ್ಣಿಸಿದನು. ಕಂದ, ವೃತ್ತಗಳ ಮಾತ್ರೆ ಗಣಗಳು ಒಂದೂ ತಪ್ಪದಂತೆ ವರ್ಣಿಸಿದನು. ಆ ಛಂದಸ್ಸಿನ ಬಿಗಿಯಲ್ಲಿ ಭೀತಿ ಸೆರೆಯಾಗಿದೆ. ನಿನ್ನ ಸಂಗೀತದಲ್ಲಿ ಆ ಬಿಗಿ ಎಲ್ಲಿಯದು?

ಅಳಿಯ: ಲಯದಲ್ಲಿ. ಅಷ್ಟು ನಿಧಾನವಾದ ಗತಿಯಲ್ಲಿ ನಾಲ್ವರು ಒಂದೇ ಘಳಿಗೆಗೆ ಒಂದೇ ಪೆಟ್ಟಿಗೆ ಬಂದು ಬೀಳಬೇಕಾದರೆ ಎಷ್ಟು ಸಂಯಮ ಬೇಕೆಂಬುದನ್ನು ವಿಲಂಬಿತ ಏಕತಾಳದಲ್ಲಿ ಸಮ್ ಕಾಯುವವರಿಗೆ ಹೇಳಬೇಕಾಗಿಲ್ಲ. ಇನ್ನು ನೀವು ಹೇಳಿದ ಜನರ ವಿಷಯ: ಹೆಡ್‌ಫೋನಿನ ಏಕಾಂತವೊಂದೇ ಇದರ ಬದುಕಲ್ಲ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, 2011ರ ಅಕ್ಟೋಬರಿನಲ್ಲಿ ಅಲ್ಲಿಯೇ ಮೆಟಾಲಿಕಾ ನುಡಿಸಿದಾಗ, ದೇಶದ ಮೂಲೆಮೂಲೆಯಿಂದ ರೈಲಿನಲ್ಲಿ ಬಂದು ಸೇರಿದವರ ಜಾತ್ರೆಯೇ ನೆರೆದಿತ್ತು. ಅವು ದೊಡ್ಡ ಜಾತ್ರೆಗಳು. ನನಗೆ ಹೆಚ್ಚು ಪ್ರಿಯವಾದುವು ಸಣ್ಣ ಸಭಾಂಗಣಗಳ ಕೂಟಗಳು. ವೇದಿಕೆಯ ಮುಂದೆ ಮೈಗೆ ಮೈ ತಾಗಿಸಿ ಹುಡುಗರು ಸುಳಿಯಂತೆ ಸುತ್ತುತ್ತ ಕುಣಿಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಹೊಡೆದಾಟವೆಂದೇ ತೋರುತ್ತದೆ. ಅಲ್ಲಿ ಬರೆಯದ ಕಟ್ಟಳೆಯೊಂದಿದೆ: ಒಬ್ಬನು ಬಿದ್ದರೆ ಹತ್ತಿರದವರು ಆ ಕ್ಷಣವೇ ಕುಣಿತ ನಿಲ್ಲಿಸಿ ಅವನನ್ನು ಎತ್ತಿ ನಿಲ್ಲಿಸಬೇಕು. ಅವನ ಹೆಸರು, ಕುಲ, ಭಾಷೆ ಯಾರಿಗೂ ತಿಳಿದಿರುವುದಿಲ್ಲ.

ಮಾವ: ಅಲಾವಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಒಬ್ಬನು ಎಡವಿದರೆ ಪಕ್ಕದವನ ತೋಳು ಅವನ ಸೊಂಟಕ್ಕೆ ಬಂದಿರುತ್ತದೆ. ಇದನ್ನು ನೀನು ಮೊದಲೇ ಹೇಳಿದ್ದರೆ ನಮ್ಮ ಮಾತು ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಮುಂದಿನ ಮೊಹರಂಗೆ ರಜೆ ಹಾಕಿ ಬಾ. ರಿವಾಯತ ಹಾಡುವವರ ಬಳಿ ನಿನ್ನನ್ನು ಕೂರಿಸುತ್ತೇನೆ. ಆದರೆ ಒಂದು ವಿಷಯದಲ್ಲಿ ನನ್ನ ಅರುಚಿ ಇದ್ದಲ್ಲಿಯೇ ಇದೆ. ಆ ಘರ್ಜನೆ! ಗಂಟಲನ್ನು ಹರಿದುಕೊಂಡು, ಮಾತು ಯಾವುದೂ ಕೇಳಿಸದಂತೆ ಗುರುಗುಟ್ಟುವುದು. ಶರಣರು ನಡೆದಾಡಿದ ನೆಲದವನು ನಾನು. ನುಡಿಯನ್ನು ನುಂಗುವ ಹಾಡು ನನಗೆ ಹಾಡಲ್ಲ.

ಅಳಿಯ: ಆಸ್ಟನ್ನಿನ ನಾಲ್ವರಲ್ಲಿ ಅದಿಲ್ಲ, ಆಜಿ ಆಸ್ಬಾರ್ನನ ಕಂಠದಲ್ಲಿ ಪ್ರತಿ ಅಕ್ಷರವೂ ಕೇಳಿಸುತ್ತದೆ. ಘರ್ಜನೆ ಬಂದದ್ದು ಆಮೇಲಿನ ಡೆತ್ ಮೆಟಲ್ ಶಾಖೆಯಲ್ಲಿ. ಆದರೂ ಕೇಳುತ್ತೇನೆ: ಅಮೀರ್ ಖಾನರ ಮಾರ್ವಾದಲ್ಲಿ ಬಂದಿಶಿನ ಮಾತು ನಿಮಗೆ ಎಷ್ಟು ಕೇಳಿಸುತ್ತದೆ?

ಮಾವ: ಕಡಿಮೆ ಕೇಳಿಸುತ್ತದೆ. ಆದರೆ ಅಲ್ಲಿ ಮಾತು ಸ್ವರದಲ್ಲಿ ಕರಗಿದೆ; ಇಲ್ಲಿ ಮಾತನ್ನು ಕೊಂದುಹಾಕಿದೆ. ಎರಡೂ ಒಂದೇ ಎನ್ನಲಾರೆ.

ಅಳಿಯ: ದೊಡ್ಡಾಟದಲ್ಲಿ ರಾಕ್ಷಸ ಪಾತ್ರ ಬರುವಾಗ ಅಬ್ಬರಿಸುವುದಿಲ್ಲವೆ, ಮಾಮಾ? ಆ ಅಬ್ಬರದಲ್ಲಿ ಯಾವ ನುಡಿಯಿದೆ? ಪರದೆಯ ಹಿಂದಿನ ಆ ಕೂಗಿಗೆ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಂಡು, ಸೆರಗಿನ ಸಂದಿಯಿಂದ ನೋಡುತ್ತವೆ.

ಮಾವ: ಒಪ್ಪಿದೆ. ಆದರೆ ರಾಕ್ಷಸನು ಅಬ್ಬರಿಸಿ ಅಷ್ಟಕ್ಕೇ ನಿಲ್ಲುವುದಿಲ್ಲ. ರಂಗಕ್ಕೆ ಬಂದ ಮೇಲೆ ಸಾರಥಿಯೊಡನೆ ಮಾತಾಡುತ್ತಾನೆ, ತನ್ನ ಕುಲ, ತನ್ನ ಪರಾಕ್ರಮ, ತನ್ನ ಕೊರಗು ಎಲ್ಲವನ್ನೂ ಹೇಳುತ್ತಾನೆ, ಪದ ಹಾಡುತ್ತಾನೆ. ಆಗ ಅವನು ನಮಗೆ ಅರ್ಥವಾಗುತ್ತಾನೆ. ಕೆಲವು ಸಲ ಅವನ ಸಾವಿಗೆ ಅಳುವೂ ಬರುತ್ತದೆ. ನಿನ್ನವನೂ ಅಬ್ಬರಿಸಲಿ, ನಾನು ಬೇಡವೆನ್ನೆನು. ಅಬ್ಬರಿಸಿದ ಮೇಲೆ ಮಾತಾಡಲಿ.

ಅಳಿಯ: ಹಾಗೆ ಮಾಡುವವರೂ ಇದ್ದಾರೆ. ಸ್ವೀಡನ್ ದೇಶದ ಓಪೆತ್ ಎಂಬ ತಂಡ. ಅದರ ಗಾಯಕ ಒಂದೇ ಹಾಡಿನಲ್ಲಿ ಘರ್ಜಿಸುತ್ತಾನೆ, ಆಮೇಲೆ ಅದೇ ಕಂಠದಿಂದ ಅತ್ಯಂತ ಮೃದುವಾಗಿ ಹಾಡುತ್ತಾನೆ. 2001ರ ಅವರ ಬ್ಲ್ಯಾಕ್‌ವಾಟರ್ ಪಾರ್ಕ್ ಧ್ವನಿಮುದ್ರಿಕೆಯಲ್ಲಿ ಅಂಥ ಹಾಡೊಂದು ಈಗಲೇ ನನ್ನ ಮೊಬೈಲಿನಲ್ಲಿದೆ. ಆದರೆ ಹತ್ತು ನಿಮಿಷಕ್ಕೂ ಹೆಚ್ಚು ಉದ್ದ, ನಿಮಗೆ ಬೇಸರವಾದೀತು.

ಮಾವ: ಬಡಾ ಖ್ಯಾಲ್ ಕೇಳುವವನಿಗೆ ಹತ್ತು ನಿಮಿಷ ಯಾವ ಲೆಕ್ಕ? ಕಿವಿಯೊಳಗೆ ತುರುಕುವ ಆ ಯಂತ್ರ ಬೇಡ. ಇಬ್ಬರಿಗೂ ಕೇಳುವ ಹಾಗೆ ಹಚ್ಚು.